ಕೊಲೆಗಾರನ ಪಿಸುಮಾತು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಸಾಲುಮನೆಯ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತವರು ಮುಖ ಕಾಣದೆ ಕಂಬವನ್ನೇ "ಏನ್ ಸಮಾಚಾರ?" ಎಂದು ಕೇಳುತ್ತಿದ್ದರು. ಅಂಥ ಮಂಜಿನಲ್ಲೂ ಮೂಲೆಮನೆಯ ಅಜ್ಜಿಗೆ ಕಾಣಬಾರದ್ದು ಕಂಡಿತು.

"ಅಯ್ಯಯ್ಯೋ! ರಕ್ತ!"

ಪಿಸುಮಾತಣ್ಣನ ಬಾಗಿಲ ಸಂದಿಯಿಂದ ಕೆಂಪು ನೀರು ಸಣ್ಣಗೆ ಹರಿದು ಮೆಟ್ಟಿಲಿಳಿಯುತ್ತಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ.

ನಾಟಕ ಕಂಪನಿಯಲ್ಲಿ ಪರದೆಯ ಮರೆಗೆ ಕೂತು, ಮಾತು ಮರೆತ ನಟರಿಗೆ ಮೆಲ್ಲಗೆ ಹೇಳಿಕೊಡುವುದು ಪಿಸುಮಾತಣ್ಣನ ಕೆಲಸ. ಒಂಟಿ ಜೀವ. ಪಕ್ಕದ ಮನೆಯವನು ಅದೇ ಕಂಪನಿಯ ನಟ. ಪತ್ತೇದಾರನ ಪಾತ್ರ ಮಾಡಿ ಮಾಡಿ ಕೇರಿಗೆಲ್ಲ ಪತ್ತೇದಾರನೇ ಆಗಿಹೋಗಿದ್ದ. ಎಲ್ಲರೂ ಹೋಗಿ ಅವನ ಬಾಗಿಲು ಬಡಿದರು.

ಪತ್ತೇದಾರ ನಾಟಕದ ಉದ್ದ ಕೋಟು ತೊಟ್ಟು, ಕೈಯಲ್ಲಿ ಭೂತಗನ್ನಡಿ ಹಿಡಿದು ಹೊರಬಂದ. ಅದರ ಗಾಜು ಎಂದೋ ಒಡೆದು ಈಗ ಬರೀ ಬಳೆ ಉಳಿದಿತ್ತು.

"ರೀ, ನಿಮ್ಮ ಚಪ್ಪಲಿ ದಿನಾ ನಾನೇ ಹುಡುಕಿಕೊಡಬೇಕು. ಕೊಲೆಗಾರನ್ನ ನೀವು ಹುಡುಕ್ತೀರಾ?" ಎಂದಳು ಹೆಂಡತಿ.

ಅವನ ಕಣ್ಣು ಪಕ್ಕದ ಬಾಗಿಲ ಬೀಗದ ಮೇಲಿತ್ತು. ನಿನ್ನೆ ಆಟ ಮುಗಿದ ಮೇಲೆ, ಚಪ್ಪಾಳೆಯ ಅಮಲಿನಲ್ಲಿ, ಅಣ್ಣನಿಗೆ ಎಲ್ಲರೆದುರು ಅಂದುಬಿಟ್ಟಿದ್ದ: "ಈ ಚಪ್ಪಾಳೆ ನನ್ನೊಬ್ಬನದು. ಮರೇಲಿ ಕೂತು ಪಿಸುಗುಟ್ಟೋಕೆ ಒಂದು ಗಿಳಿ ಸಾಕು." ಮನೆಗೆ ಬರುವಾಗಲೂ ಅದನ್ನೇ ಹಾಡಿದ್ದ. ಅಣ್ಣ ಬಾಗಿಲು ಹಾಕಿಕೊಂಡಿದ್ದ. ದೇವರೇ, ಅವನಿಗೆ ನಾನಾಡಿದ ಕಡೇ ಮಾತು ಅದೇ ಆಯಿತೇ?

"ಪೊಲೀಸರು ಬರೋ ತನಕ ಯಾರೂ ಏನೂ ಮುಟ್ಟಬೇಡಿ!" ಎಂದು ಗರ್ಜಿಸಿ, ಬಳೆಯೊಳಗಿಂದ ಮೂಗು ತೂರಿಸಿ ಕೆಂಪು ನೀರನ್ನು ನೋಡಿದ. ಮೂಗಿನ ತುದಿ ಕೆಂಪಾಯಿತು. ಎದ್ದವನೇ ಎದುರಿಗೆ ಸಿಕ್ಕ ದರ್ಜಿಯನ್ನು ಹಿಡಿದ.

"ಎಲ್ಲಿ ನಿನ್ನ ಕತ್ತರಿ?"

"ಕೈಯಲ್ಲೇ ಇದೆಯಲ್ಲ ಸಾರ್. ದರ್ಜಿ ಕೈಲಿ ಇನ್ನೇನು, ಸೌಟಿರುತ್ತಾ?"

"ಅವನನ್ಯಾಕೆ ಹಿಡೀತೀಯಪ್ಪ?" ಎಂದಳು ಅಜ್ಜಿ. "ನಿನ್ನೆ ಕೂಗಾಡಿದ್ದು ನೀನಲ್ವಾ? ಈ ಗೋಡೆಗಳು ತೆಳ್ಳಗಿವೆ. ನನ್ನ ಕಿವಿ ಅದಕ್ಕಿಂತ ತೆಳ್ಳಗಿದೆ."

ಅಂಗಳದ ಕಣ್ಣುಗಳೆಲ್ಲ ಪತ್ತೇದಾರನ ಕೆಂಪು ಮೂಗಿನ ಮೇಲೆ ನೆಟ್ಟವು. ದರ್ಜಿ ಎರಡು ಹೆಜ್ಜೆ ಹಿಂದೆ ಸರಿದ. ಹೆಂಡತಿ ಕೂಡ ಸೆರಗು ಬಾಯಿಗೊತ್ತಿಕೊಂಡು ನೋಡಿದಳು. ದಿಕ್ಕು ತೋಚದೆ ಪತ್ತೇದಾರ ತನಗೆ ಬರುತ್ತಿದ್ದ ಒಂದೇ ಭಾಷಣವನ್ನು, ನಾಟಕದ ಕೊನೆಯದನ್ನು, ಕೈಯೆತ್ತಿ ಶುರುಮಾಡಿದ.

"ಅನ್ನವಿಟ್ಟ ಮನೆಗೇ ವಿಷವಿಟ್ಟ ಪಾಪಿ ಇಲ್ಲೇ, ನಮ್ಮ ನಡುವೆಯೇ ನಿಂತಿದ್ದಾನೆ! ಅವನು ಬೇರಾರೂ ಅಲ್ಲ... ಅವನು..."

ಪ್ರತಿ ಆಟದಲ್ಲೂ ಅವನ ಬಾಯಿ ಕಟ್ಟುತ್ತಿದ್ದುದು ಇಲ್ಲೇ. ಎತ್ತಿದ ಕೈ ಒಣಹಾಕಿದ ಅಂಗಿಯ ತೋಳಿನಂತೆ ಜೋಲತೊಡಗಿತು. ಆಗ ಮಂಜಿನೊಳಗಿಂದ ಮೆಲ್ಲಗೆ ಬಂತು:

"ಅಡುಗೆಯವನು... ಅಡುಗೆಯವನು..."

"ಅಡುಗೆಯವನು!" ಎಂದು ಕೂಗಿದ ಪತ್ತೇದಾರ, ಮರುಗಳಿಗೆ ಮೆಟ್ಟಿಲ ಮೇಲೆ ಕುಸಿದು ಕೂತ. ಆ ದನಿ ಅವನಿಗೆ ಗೊತ್ತಿತ್ತು.

"ಬದುಕಿದೆ! ನಮ್ಮ ಸಾಲಲ್ಲಿ ಅಡುಗೆಯವನೇ ಇಲ್ಲ!" ಎಂದ ದರ್ಜಿ.

ಸತ್ತವನು ಮಂಜಿನಿಂದ ಹೊರಬಂದು, ಬೀಗ ತೆಗೆದು, ಬಾಗಿಲ ಹಿಂದಿನ ಮೊಳೆಯಿಂದ ತೊಟ್ಟಿಕ್ಕುತ್ತಿದ್ದ ಕೆಂಪು ಮಫ್ಲರ್ ಇಳಿಸಿದ. ಗಂಟಲು ಜೋಪಾನ ಎಂದು ಒಂದು ಚಳಿಗಾಲ ಪತ್ತೇದಾರನೇ ಕೊಟ್ಟದ್ದು.

"ವಾಪಸ್ ಕೊಡೋಣ ಅಂತ ಒಗೆದೆ, ತಮ್ಮಾ. ಮೊದಲ ಸಲ ನೀರು ಕಂಡಿದ್ದು ನೋಡು, ಬಣ್ಣ ಬಿಟ್ಟಿತು."

"ಇಷ್ಟೇನಾ?" ಎಂದು ಅಜ್ಜಿ ಬೇಸರದಿಂದ ಒಳಗೆ ಹೋದಳು.

"ಎಲ್ಲಿಗೆ ಹೋಗಿದ್ದೆ ಅಣ್ಣಾ?"

"ಕಂಪನಿ ಯಜಮಾನರ ಹತ್ರ, ಕೆಲಸ ಬಿಡ್ತೀನಿ ಅನ್ನೋಕೆ. ಅಡುಗೆಯವನ ಪಾತ್ರದವನಿಗೆ ಜ್ವರವಂತೆ. 'ಮಾತೆಲ್ಲ ನಿನಗೆ ಬಾಯಿಪಾಠ, ಇವತ್ತು ನೀನೇ ಕೊಲೆಗಾರ' ಅಂದ್ರು."

"ಮತ್ತೆ ಪರದೆ ಹಿಂದೆ?"

"ಯಾರೂ ಇಲ್ಲ. ನಿನಗೆ ಬೇಡವಲ್ಲ."

ಸಂಜೆ ರಂಗದ ಮೇಲೆ ಪತ್ತೇದಾರ ಕೈಯೆತ್ತಿದ. "ಅವನು ಬೇರಾರೂ ಅಲ್ಲ... ಅವನು..." ಮಾತು ಹಾರಿಹೋಯಿತು. ಪರದೆಯ ಕಡೆ ನೋಡಿದ. ಅಲ್ಲಿ ಖಾಲಿ ಮಣೆ. ಎದುರಿಗೆ ಸೌಟು ಹಿಡಿದ ಕೊಲೆಗಾರ, ಸುಮ್ಮನೆ ಅವನನ್ನೇ ನೋಡುತ್ತಿದ್ದ.

"ತಪ್ಪಾಯ್ತಣ್ಣಾ," ಎಂದ ಪತ್ತೇದಾರ, ತುಟಿಯಲ್ಲೇ.

ಕೊಲೆಗಾರನ ಕಣ್ಣು ತುಂಬಿತು. ಅಭ್ಯಾಸಬಲದಿಂದ ತಲೆ ಬಾಗಿಸಿ ಪಿಸುಗುಟ್ಟಿದ: "ಅಡುಗೆಯವನು... ನಾನೇ, ತಮ್ಮಾ, ನಾನೇ."

ಮರೆಯಾಗಲು ಪರದೆ ಇರಲಿಲ್ಲ. ಇಡೀ ಸಭೆಗೆ ಕೇಳಿಸಿತು. ಅಂಥ ಪಶ್ಚಾತ್ತಾಪವನ್ನು ಯಾರೂ ಕಂಡಿರಲಿಲ್ಲ. ಜನ ಕಣ್ಣೊರೆಸಿಕೊಂಡು ಎದ್ದುನಿಂತು ಚಪ್ಪಾಳೆ ತಟ್ಟಿದರು. ಪತ್ತೇದಾರನ ಕಡೆ ಒಬ್ಬರೂ ನೋಡಲಿಲ್ಲ.

"ನಾಳೆಯಿಂದ ಇದೇ ಇರಲಿ!" ಎಂದು ಪರದೆ ಬಿದ್ದೊಡನೆ ಯಜಮಾನರು ಒಳಗೆ ಓಡಿಬಂದರು. "ಕೊಲೆಗಾರ ತಾನೇ ಒಪ್ಪಿಕೊಳ್ಳಲಿ. ಆ ಭಾಷಣ ತೆಗೆದುಬಿಡಿ. ಪತ್ತೇದಾರ ಸುಮ್ನೆ ನಿಂತಿದ್ರೆ ಸಾಕು."

ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಪತ್ತೇದಾರ ಕೋಟಿನ ಜೇಬಿನಿಂದ, ಅಣ್ಣ ಬೆಳಿಗ್ಗೆ ವಾಪಸ್ ಕೊಟ್ಟಿದ್ದ, ಈಗ ಒಣಗಿ ತಿಳಿಗೆಂಪಾಗಿದ್ದ ಮಫ್ಲರ್ ತೆಗೆದು ಅಣ್ಣನ ಕೊರಳಿಗೆ ಸುತ್ತಿದ. ಆಮೇಲೆ ಪರದೆಯನ್ನು ಸ್ವಲ್ಪ ಸರಿಸಿ, ಅಣ್ಣನ ಬೆನ್ನಿಗೆ ಕೈಕೊಟ್ಟು, ಅವನನ್ನು ಮೆಲ್ಲಗೆ ಬೆಳಕಿಗೆ ಕಳಿಸಿ, ತಾನು ಮರೆಯ ಮಣೆಯ ಮೇಲೆ ಕೂತ.