ಬಿಚ್ಚದ ಡಬ್ಬಿ

ಶಿವಕಾಂತಮ್ಮ ತಮ್ಮ ಸೊಸೆಯನ್ನು ಮೊದಲ ಸಲ ನೋಡಿದ್ದು ಯಡ್ರಾಮಿಯಲ್ಲಿ, ಕನ್ಯೆ ನೋಡಲು ಹೋದ ದಿನ. ಕನ್ಯೆಯ ಕೈಗೆ ಸೀರೆಯ ಡಬ್ಬಿ ಕೊಟ್ಟರು. ಅದನ್ನು ತಲೆ ತಗ್ಗಿಸಿ ತೆಗೆದುಕೊಂಡು, ಕಣ್ಣಿಗೊತ್ತಿ, ಒಳಗೆ ಒಯ್ದು ಇಡುವುದು ರೀತಿ. ಸೃಷ್ಟಿ ಎಂಬ ಆ ಹುಡುಗಿ ತಲೆ ಎತ್ತಿ, "ಬಿಚ್ಚಲೇನ್ರಿ?" ಎಂದು ಕೇಳಿದಳು. ಉತ್ತರ ಬರುವುದರೊಳಗೆ ಬಿಚ್ಚಿಯೂ ಬಿಟ್ಟಳು!

"ಸೀರಿ ಛಲೋ ಅದರಿ. ಆದ್ರ ನಂಗ ಹಸರ ಬಣ್ಣ ಒಪ್ಪೋದಿಲ್ಲ."

ಕೂತಿದ್ದ ಹಿರಿಯರ ಬಾಯಿಯೊಳಗಿನ ಮಂಡಕ್ಕಿ ಸುಸಲಾ ಬಾಯಲ್ಲೇ ಉಳಿಯಿತು. ಆಳಂದಕ್ಕೆ ಮರಳುವ ದಾರಿಯಲ್ಲಿ ಶಿವಕಾಂತಮ್ಮ ಮಗ ಅನೀಲಕುಮಾರನಿಗೆ ಘೋಷಿಸಿದರು: "ಹುಡುಗಿ ಬಂಗಾರದಂಥಾಕಿ. ಖರೆ, ಡಬ್ಬಿ ಬಿಚ್ಚೋ ಚಟ ಅದ. ಅದನ್ನ ಬಿಡಸದಿದ್ರ ನಾ ಶಿವಕಾಂತಾನೇ ಅಲ್ಲ!"

ಹೀಗೆ ಪಣ ತೊಡಲು ಕಾರಣ ಅವರ ಆಯೇರಿ ಟ್ರಂಕು. ಮದುವೆ, ಮನೆಶಾಂತಿ, ತೊಟ್ಟಿಲು, ಎಲ್ಲಿಂದ ಯಾವ ಉಡುಗೊರೆ ಬಂದರೂ ಆ ಟ್ರಂಕಿಗೆ. ಟ್ರಂಕಿನಿಂದ ಇನ್ನೊಬ್ಬರ ಮದುವೆಗೆ. ಬಿಚ್ಚಿದ ಡಬ್ಬಿ ಮತ್ತೊಬ್ಬರಿಗೆ ಕೊಡಲು ಬರುವುದಿಲ್ಲ, ಆದ್ದರಿಂದ ಬಿಚ್ಚುವ ಮಾತೇ ಇಲ್ಲ. ಅವರ ಬಳಗದಲ್ಲಿ ಕೈಯಿಂದ ಕೈಗೆ ತಿರುಗುವ ಗೋಡೆ ಗಡಿಯಾರಗಳು ಒಂದು ದಿನವೂ ಗೋಡೆಯ ಮುಖ ಕಾಣದೆ ಮುದಿಯಾಗಿದ್ದವು. ಅಫಜಲಪುರದಲ್ಲಿದ್ದ ತಂಗಿ ವಿದ್ಯಾವತಿಗೂ ಈ ಪಾಠ ಹೇಳಿಕೊಟ್ಟದ್ದು ಅಕ್ಕನೇ.

ಸೃಷ್ಟಿಗೆ ಆಳಂದದ ಖಾಸಗಿ ಬ್ಯಾಂಕೊಂದರಲ್ಲಿ ಕೆಲಸ. ಬಸುರಿಯಾದ ಮೇಲೆ ಒಂದು ಹೊಸ ಸುದ್ದಿ ತಂದಳು. ಬ್ಯಾಂಕಿನವರು ಮಾಡಿಸಿದ ಆರೋಗ್ಯ ವಿಮೆಯಲ್ಲಿ ಎದೆಹಾಲು ತೆಗೆಯುವ ಪಂಪ್ ಕೊಡುತ್ತಾರಂತೆ!

"ಕೆಲಸಾನೂ ಬಿಡೋದಿಲ್ರಿ ಅತ್ತಿ, ಕೂಸಿಗಿ ಪುಡಿ ಹಾಲೂ ಹಾಕೋದಿಲ್ಲ. ಮುಂಜಾನಿ ತಗದಿಟ್ಟು ಹೋಗ್ತೇನಿ, ನೀವು ಕುಡಸ್ರಿ."

"ಇಮಾ ಅಂದ್ರ ಮನಷ್ಯಾ ಹೋದ ಮ್ಯಾಲ ಬರೋದು ಬೇ! ನಿಮ್ಮ ಮಾವ ಹೋದಾಗ ಬಂದಿತ್ತು. ಹುಟ್ಟೋಕಿಂತ ಮೊದಲ ಬರೋ ಇಮಾ ಈಗಷ್ಟ ಕೇಳಾಕತ್ತೇನಿ."

"ಬಸುರಿದ್ದಾಗೇ ತಗೋಬೇಕಂತ್ರಿ. ಹಡದ ಮ್ಯಾಲ ಕೇಳಿದ್ರ ಇಲ್ಲ. ಅದೂ ಒಬ್ಬಾಕಿಗಿ ಒಂದೇ ಸಲ."

ಸೃಷ್ಟಿ ವಿಮೆಯವರಿಗೆ ಡಾಕ್ಟರ ಚೀಟಿಯ ಫೋಟೊ ಕಳಿಸಿದಳು. ಸಹಿ ಕಾಣುತ್ತಿಲ್ಲ ಎಂದರು. ಮತ್ತೆ ಕಳಿಸಿದಳು. ಸಹಿ ಮಾತ್ರ ಕಾಣುತ್ತಿದೆ ಎಂದರು. ಫೋನು ಮಾಡಿದರೆ ಮಾತನಾಡದೆ ಸಂಗೀತ ಹಾಕಿ ಕೂರಿಸುತ್ತಿದ್ದರು. ಬಸುರಿ ಸಂಗೀತ ಕೇಳಿದರೆ ಕೂಸಿಗೆ ಒಳ್ಳೆಯದು ಎಂದು ಶಿವಕಾಂತಮ್ಮ ಸಮಾಧಾನ ಹೇಳಿದರು. ಇಷ್ಟೆಲ್ಲ ಹೆಣಗಾಡಿದ ಮೇಲೆ ಒಂದು ಮಧ್ಯಾಹ್ನ ಡಬ್ಬಿ ಬಾಗಿಲಿಗೆ ಬಂತು.

ಬಂದದ್ದು ಹೊಸ್ತಿಲಲ್ಲೇ ನಿಂತಿತು. ಕೂಸು ಹುಟ್ಟುವ ಮೊದಲು ಕೂಸಿನ ಸಾಮಾನು ಮನೆಯೊಳಗೆ ತರಬಾರದಲ್ಲ! ಕುಲಾಯಿ ಬೇಡ, ತೊಟ್ಟಿಲು ಬೇಡ, ಇನ್ನು ಪಂಪು?

"ತಿರುಗಿ ಕಳಸಿದ್ರ ಮತ್ತ ಬರೋದಿಲ್ರಿ ಅತ್ತಿ," ಎಂದು ಸೃಷ್ಟಿ ಡಬ್ಬಿಯ ಮೇಲೆ ಕೈಯಿಟ್ಟಳು.

ಶಿವಕಾಂತಮ್ಮ ಕಂಬಕ್ಕೆ ಒರಗಿ ಕೂತು ಸಾವಕಾಶ ಯೋಚಿಸಿದರು. ಆಮೇಲೆ ತೀರ್ಪು ಕೊಟ್ಟರು. "ಬಿಚ್ಚಿದ್ರ ಅದು ಕೂಸಿನ ಸಾಮಾನು. ಬಿಚ್ಚದಿದ್ರ ಬರೇ ಡಬ್ಬಿ. ಡಬ್ಬಿ ಒಳಗ ಬರಲಿ."

ಹೈಕೋರ್ಟಿನಲ್ಲೂ ಇಂಥ ತೀರ್ಪು ಬಂದಿರಲಿಕ್ಕಿಲ್ಲ!

"ಒಂದ ಸಲ ಬಿಚ್ಚಿ ನೋಡ್ಲೇನ್ರಿ? ನಡೀತದೋ ಇಲ್ಲೋ..."

"ಕೂಸಿನ ಮಾರಿ ನೋಡಿದ ಮ್ಯಾಲ."

ಸೃಷ್ಟಿ ಡಬ್ಬಿಯಿಂದ ಕೈ ತೆಗೆದಳು. ಚಟ ಬಿಟ್ಟಿತು ಎಂದು ಶಿವಕಾಂತಮ್ಮ ಒಳಗೊಳಗೇ ಹಿಗ್ಗಿದರು.

ಬಂದುಹೋಗುವವರ ಕಣ್ಣು ಬೀಳಬಾರದೆಂದು ಡಬ್ಬಿಗೆ ಕೆಂಪು ಜರಿಯ ಕಾಗದ ಸುತ್ತಿ, ಟ್ರಂಕಿನಲ್ಲಿಟ್ಟರು. ಅದೇ ಟ್ರಂಕಿನಲ್ಲಿ ಅದೇ ಕಾಗದ ಸುತ್ತಿದ ಇಡ್ಲಿ ಪಾತ್ರೆಯ ಡಬ್ಬಿಯೂ ಇತ್ತು, ವಿದ್ಯಾವತಿಯ ಹೊಸ ಮನೆಯ ಶಾಂತಿಗೆಂದು. ಅದಲುಬದಲಾಗಬಾರದಲ್ಲ! ಪಂಪಿನ ಡಬ್ಬಿಯ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದರು. ಗುರುತೂ ಆಯಿತು, ಕಾವಲೂ ಆಯಿತು. ಅದರ ಮೇಲೆ ಇಡ್ಲಿ ಡಬ್ಬಿ ಹೇರಿ ಮುಚ್ಚಳ ಹಾಕಿದರು.

ಮನೆಶಾಂತಿಯ ದಿನ ಎರಡನ್ನೂ ಹೊರಗೆ ತೆಗೆದು ಎಲ್ಲ ಮಗ್ಗುಲೂ ತಿರುವಿ ನೋಡಿದರು. ವಿಭೂತಿ ಇದ್ದದ್ದನ್ನು ಜೋಪಾನವಾಗಿ ಟ್ರಂಕಿನಲ್ಲಿ ಇಟ್ಟರು, ಇಲ್ಲದ್ದನ್ನು ಅಫಜಲಪುರಕ್ಕೆ ಒಯ್ದು ತಂಗಿಯ ಉಡಿಗೆ ಹಾಕಿದರು.

ತವರಿಗೆ ಕಳಿಸುವ ದಿನ ಗೊತ್ತು ಮಾಡುವುದರೊಳಗೇ ಸೃಷ್ಟಿಗೆ ನೋವು ಬಂತು. ಕಲಬುರ್ಗಿಯ ದವಾಖಾನೆಯಲ್ಲಿ ದಿನ ತುಂಬದ ಹೆಣ್ಣು ಕೂಸು. ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿಸಿದರು. ಚೀಪುವಷ್ಟು ಶಕ್ತಿ ಅದಕ್ಕಿನ್ನೂ ಇರಲಿಲ್ಲ.

"ತಾಯಿ ಹಾಲೇ ಔಷಧಿ. ತೆಗೆದು ಕೊಡಿ, ನಾವು ಕುಡಿಸ್ತೇವೆ," ಎಂದರು ಡಾಕ್ಟರು. "ಈಗಿಂದಲೇ ತೆಗೆಯದಿದ್ದರೆ ಹಾಲು ಹಿಂಜರಿಯುತ್ತೆ."

"ಅತ್ತಿ, ಡಬ್ಬಿ!" ಎಂದಳು ಸೃಷ್ಟಿ.

ಶಿವಕಾಂತಮ್ಮ ಆಳಂದಕ್ಕೆ ಓಡಿದರು, ಮರಳಿ ಬಸ್ಸು ಹತ್ತಿದರು. ಡಬ್ಬಿಯನ್ನು ಮೇಲಿಡಿ ಎಂದ ಕಂಡಕ್ಟರನಿಗೆ, "ಇದು ನನ್ನ ಮೊಮ್ಮಗಳ ಬುತ್ತಿ, ತಮ್ಮಾ!" ಎಂದು ತೊಡೆಯಿಂದ ಇಳಿಸಲೇ ಇಲ್ಲ. ದವಾಖಾನೆಯಲ್ಲಿ ಗಾಜಿನಾಚೆ ಕೂಸಿನ ಮಾರಿ ನೋಡಿ, ಕೈ ಮುಗಿದು, ಸೊಸೆಯ ಮಂಚದ ಮೇಲೆ ಡಬ್ಬಿ ಇಟ್ಟರು. ಸುತ್ತಲಿನ ಬಾಣಂತಿಯರಿಗೆಲ್ಲ ಕೇಳುವಂತೆ ಅಪ್ಪಣೆ ಕೊಟ್ಟರು: "ಬಿಚ್ಚವ್ವ ಈಗ!"

ಸೃಷ್ಟಿ ಬಿಚ್ಚಿದಳು. ಇಡ್ಲಿ ತಟ್ಟೆಗಳು ಖಣಖಣ ಎನ್ನುತ್ತ ವಾರ್ಡಿನ ತುಂಬ ಉರುಳಿದವು.

"ಅಜ್ಜಿ," ಎಂದಳು ನರ್ಸು, ಒಂದು ತಟ್ಟೆ ಎತ್ತಿ ಕೊಡುತ್ತ, "ಕೂಸಿಗಿ ಇನ್ನ ಹಲ್ಲ ಬಂದಿಲ್ಲ."

ವಾರ್ಡೆಲ್ಲ ನಕ್ಕಿತು. ಸೃಷ್ಟಿ ನಗಲಿಲ್ಲ. ಶಿವಕಾಂತಮ್ಮ ಕಾಗದ ತಿರುವಿದರು. ವಿಭೂತಿ ಇತ್ತು. ನೆತ್ತಿಯ ಮೇಲಲ್ಲ, ತಳದಲ್ಲಿ! ಟ್ರಂಕಿನಲ್ಲಿ ಕೆಳಗಿದ್ದ ಪಂಪಿನ ಡಬ್ಬಿಯ ನೆತ್ತಿಯ ವಿಭೂತಿಯನ್ನು ಮೇಲಿದ್ದ ಇಡ್ಲಿ ಡಬ್ಬಿಯ ತಳ ಒರೆಸಿಕೊಂಡುಬಿಟ್ಟಿತ್ತು.

ಅಲ್ಲಿಂದಲೇ ತಂಗಿಗೆ ಫೋನು ಹಚ್ಚಿದರು. "ವಿದ್ಯಾ, ನಾ ಕೊಟ್ಟ ಡಬ್ಬಿ ಬಿಚ್ಚಿಯೇನು?"

"ಅಯ್ಯ ಅಕ್ಕಾ, ನಾ ಅಷ್ಟ ಖಬರಗೇಡಿ ಇದ್ದೇನೇನು? ಬಿಚ್ಚೇ ಇಲ್ಲ! ಜೇವರ್ಗಿ ಭೀಮಶಾ ಮಾವ ರಿಟೈರ್ ಆದ್ರಲ್ಲ, ಹಂಗೇ ಒಯ್ದು ಆಯೇರಿ ಮಾಡಿದಿವಿ. ನಿನ್ನ ಹೆಸರ ಉಳಸೇನಿ!"

ಶಿವಕಾಂತಮ್ಮ ಜೇವರ್ಗಿ ಮುಟ್ಟಿದಾಗ ಭೀಮಶಾ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಬದುಕೆಲ್ಲ ಲೈಟಿನ ಕಂಬ ಹತ್ತಿ ಸವೆದ ಎರಡು ಮೊಣಕಾಲು, ಅವುಗಳ ಮೇಲೆ ಪಂಪಿನ ಎರಡು ಬಟ್ಟಲು! ಮಷಿನ್ನು ಗುರ್ ಗುರ್ ಎನ್ನುತ್ತಿತ್ತು. ಪಕ್ಕದ ಮನೆಯ ಶರಫುದ್ದೀನ ಪ್ಯಾಂಟು ಮಡಚಿಕೊಂಡು ತನ್ನ ಪಾಳಿಗೆ ಕಾದಿದ್ದ.

"ಬರ್ರಿ ಶಿವಕಾಂತಮ್ಮಾರ! ನಿಮ್ಮ ಕಾಲೂ ನೋಯ್ತಾವೇನು? ಎಂಥಾ ಮಾಲ್ ಕೊಟ್ಟಾಳ್ರಿ ವಿದ್ಯಾವತಿ! ವಾತ ಎಲ್ಲಾ ಸರ್ರಂತ ಎಳೀತದ."

"ಬಿಚ್ಚಿದ್ರೀ?" ಎಂದರು ಶಿವಕಾಂತಮ್ಮ.

"ಬಿಚ್ಚದೇ ಏನ್ ಪೂಜಿ ಮಾಡ್ಲಿ?"

ಈ ಮೂರು ಊರಿನಲ್ಲಿ ಒಬ್ಬರಾದರೂ ಬಿಚ್ಚಿದ್ದರು! ಶಿವಕಾಂತಮ್ಮ ಮಷಿನ್ನಿನತ್ತ ಬೆರಳು ಮಾಡಿದರು. "ಅದು ಬಾಣಂತೇರ ಮಷಿನ್ರಿ. ಎದಿಹಾಲು ತಗಿಯೋದು. ನನ್ನ ಸೊಸಿದು."

ಶರಫುದ್ದೀನ ಪ್ಯಾಂಟು ಸರಕ್ಕನೆ ಇಳಿಸಿದ. "ತೋಬಾ ತೋಬಾ! ಭೀಮಶಾ, ನಮ್ಮ ಮನ್ಯಾಗ ಮಾತ್ರ ಹೇಳಬ್ಯಾಡೋ!"

ಭೀಮಶಾ ಬಟ್ಟಲು ಕಿತ್ತರು. ಕಿವಿ ಕೆಂಪಾಗಿತ್ತು. ಆದರೂ ಮೆಲ್ಲಗೆ, "ನೋವು ಖರೇನ ಕಡಿಮಿ ಆಗ್ಯದರಿ..." ಎಂದರು.

ಬಟ್ಟಲಿನ ತುಂಬ ಮೊಣಕಾಲಿಗೆ ಹಚ್ಚಿದ ನೀಲಗಿರಿ ಎಣ್ಣೆ. ನಳಿಗೆಯೊಳಗೆ ಎಣ್ಣೆ, ಮೋಟಾರಿನೊಳಗೆ ಎಣ್ಣೆ. ಮಷಿನ್ನು ಒಂದೆರಡು ಸಲ ಕೆಮ್ಮಿ ಅಲ್ಲೇ ಕಣ್ಣು ಮುಚ್ಚಿತು.

ವಿಮೆಯವರಿಗೆ ಶಿವಕಾಂತಮ್ಮ ತಾವೇ ಫೋನು ಹಚ್ಚಿದರು. "ಎವ್ವಾ, ತಪ್ಪು ನಂದದ, ಸೊಸಿದಲ್ಲ. ಇನ್ನೊಂದು ಕೊಡ್ರಿ."

"ಒಬ್ಬರಿಗೆ ಒಂದೇ ಅಮ್ಮಾ. ಉಪಕರಣ ಬಳಸಿದ್ದೀರಾ?"

"ಬಳಸೀವಿ."

"ಉಪಯೋಗ ಆಯ್ತಾ?"

"ಮೊಣಕಾಲಿನವ್ರಿಗಿ ಬಾಳ ಆಗ್ಯದವ್ವ."

ಆ ಕಡೆ ಸಂಗೀತ ಶುರುವಾಯಿತು.

ಅನೀಲಕುಮಾರ ಔಷಧಿ ಅಂಗಡಿಯಿಂದ ರಬ್ಬರಿನ ಬುಡ್ಡಿಯಂಥದ್ದೊಂದು ತಂದ. ಅದು ಹಾಲಿಗಿಂತ ಸೃಷ್ಟಿಯ ಕಣ್ಣೀರನ್ನೇ ಹೆಚ್ಚು ತೆಗೆಯಿತು. ಕೊನೆಗೆ ನರ್ಸು ಕೈಯಿಂದ ಹಿಂಡುವುದನ್ನು ಕಲಿಸಿದಳು. ಶಿವಕಾಂತಮ್ಮ ಸ್ಟೀಲಿನ ಬಟ್ಟಲು ಹಿಡಿದು ಮಂಚದ ಪಕ್ಕ ಕೂತರು. ಹನಿ ಬೀಳುತ್ತಿತ್ತು, ನಿಲ್ಲುತ್ತಿತ್ತು. ಬಟ್ಟಲಿನ ತಳ ಮುಚ್ಚುವುದೇ ದೊಡ್ಡ ಮಾತಾಗಿತ್ತು. ಮುಂದೆ ದುಡ್ಡು ಹೊಂದಿಸಿ ಒಳ್ಳೆಯ ಪಂಪನ್ನೇ ಕೊಂಡು ತಂದರು. ಅಷ್ಟರಲ್ಲಿ ಹಾಲು ಹಿಂಜರಿದಾಗಿತ್ತು.

ಕೂಸು ಮನೆಗೆ ಬಂತು. ಶಿವಕಾಂತಮ್ಮ ಅಂಟಿನುಂಡಿ ಕಟ್ಟಿದರು, ಸಬ್ಬಸಿಗೆ ಪಲ್ಯ ಮಾಡಿದರು, ಬೆಳ್ಳುಳ್ಳಿ ಸುಟ್ಟು ಕೊಟ್ಟರು. ಅರ್ಧ ಹೊಟ್ಟೆಯ ಹಾಲು ಬಂತು. ಉಳಿದರ್ಧಕ್ಕೆ ಪುಡಿ ಹಾಲು. ಆ ಪುಡಿಯ ಡಬ್ಬಿ ಬಿಚ್ಚುವ ಕೆಲಸ ಶಿವಕಾಂತಮ್ಮನದೇ. ಕೂಸು ದುಂಡಗಾಯಿತು, ಅದಕ್ಕೇನೂ ಕೊರತೆಯಾಗಲಿಲ್ಲ. ಆದರೆ ಪ್ರತಿ ಸಲ ಚಮಚ ಕಲಕುವಾಗ ಸೃಷ್ಟಿ ಮುಖ ಆಚೆ ತಿರುಗಿಸುತ್ತಿದ್ದಳು. ಒಂದು ಮಾತು ಬೈದಿದ್ದರೂ ಮುದುಕಿಯ ಎದೆ ಹಗುರಾಗುತ್ತಿತ್ತು. ಬೈಯಲಿಲ್ಲ. ಅಷ್ಟು ಮಾತಿನ ಹುಡುಗಿ ಹೂಂ, ಊಹೂಂನಲ್ಲಿ ದಿನ ಕಳೆಯತೊಡಗಿದಳು.

ತೊಟ್ಟಿಲ ದಿನ ಬಳಗವೆಲ್ಲ ಸೇರಿತು. ಭೀಮಶಾ ಮೊಣಕಾಲು ಕಾಣದಂತೆ ಧೋತರ ಎಳೆದುಕೊಂಡು ಮೂಲೆಯಲ್ಲಿ ಕೂತರು. ವಿದ್ಯಾವತಿ ಬಂದಳು. ಅವಳ ಕೈಯಲ್ಲಿ ಕೆಂಪು ಜರಿಯ ಕಾಗದ ಸುತ್ತಿದ ಡಬ್ಬಿ!

ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಶಿವಕಾಂತಮ್ಮನ ಕೈ ರೂಢಿಯಂತೆ ಡಬ್ಬಿಯತ್ತ ಚಾಚಿ, ನಡುವೆಯೇ ನಿಂತಿತು. ಸೃಷ್ಟಿ ಅದನ್ನು ತನ್ನ ತೊಡೆಗೆ ತೆಗೆದುಕೊಂಡಳು. ನೆತ್ತಿ ನೋಡಿದಳು, ತಿರುವಿ ತಳ ನೋಡಿದಳು. ಅತ್ತೆಯ ಮುಖ ನೋಡಿದಳು. ದವಾಖಾನೆಯಿಂದ ಬಂದ ಮೇಲೆ ಮೊದಲ ಸಲ ಅವಳ ತುಟಿಯ ತುದಿ ಒಂದಿಷ್ಟು ಮೇಲೆದ್ದಿತು.

"ಅತ್ತಿ, ಬಿಚ್ಚಲೇನ್ರಿ? ಇಲ್ಲಾ ಸೀದಾ ಜೇವರ್ಗಿಗಿ ಕಳಸೋಣೇನ್ರಿ?"