ಮೇಜುಬಟ್ಟೆಯ ಮೇಲೊಂದು ಕಾಮೆಂಟು

ನನ್ನ ಹೆಂಡತಿ ದಿನಕ್ಕೆ ನೂರು ಜನರ ಜೊತೆ ಮಾತನಾಡುತ್ತಾಳೆ. ಆ ನೂರರಲ್ಲಿ ನಾನಿಲ್ಲ. ಇದನ್ನು ದೂರು ಎಂದು ತಿಳಿಯಬೇಡಿ. (ದೂರೇ. ಆದರೆ ಮರ್ಯಾದಸ್ಥರು ದೂರನ್ನು ಹೀಗೆಯೇ ಶುರು ಮಾಡುವುದು.)

ನಮ್ಮದು ಡ್ರೈ ಕ್ಲೀನಿಂಗ್ ಅಂಗಡಿ. ಮುಂದೆ ಕೌಂಟರು, ಹಿಂದೆ ಒಂದು ಕೋಣೆ, ನಡುವೆ ಒಂದು ಪರದೆ. ಕೌಂಟರಿನಲ್ಲಿ ಅವಳು. ಕೋಣೆಯಲ್ಲಿ ಆವಿ, ಇಸ್ತ್ರಿಪೆಟ್ಟಿಗೆ, ಕಲೆ ತೆಗೆಯುವ ಹನ್ನೆರಡು ಸೀಸೆಗಳು ಮತ್ತು ನಾನು. ಇಪ್ಪತ್ತಾರು ವರ್ಷಗಳಿಂದ ಇದೇ ವ್ಯವಸ್ಥೆ. ಅವಳ ಮೊಣಕಾಲು ನೋವು ಎಡಗಡೆಯದೋ ಬಲಗಡೆಯದೋ ಎಂಬುದು ಬೀದಿಗೆಲ್ಲ ಗೊತ್ತು. ಪರದೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದು ಯಾರಿಗೂ ಗೊತ್ತಿಲ್ಲ. ಒಮ್ಮೆ ನಾನು ಜೋರಾಗಿ ಸೀನಿದಾಗ ಗಿರಾಕಿಯೊಬ್ಬರು, "ಮಷೀನು ರಿಪೇರಿಗೆ ಬಂದಿರೋ ಹಾಗಿದೆ" ಎಂದರು. ಇವಳು, "ಹೌದು, ಹಳೇದು" ಎಂದಳು.

ನನಗೂ ಒಂದು ವಿದ್ಯೆಯಿದೆ ಸ್ವಾಮಿ. ಕಲೆಯನ್ನು ನಾನು ಬರಿಯ ಒರೆಸುವವನಲ್ಲ, ಓದುವವನು. ಕಾಲರು ನೋಡಿದರೆ ಆ ವಾರ ಮನುಷ್ಯ ನಿದ್ದೆ ಮಾಡಿದನೋ ಇಲ್ಲವೋ ಹೇಳಬಲ್ಲೆ. ತೋಳಿನ ತುದಿ ನೋಡಿದರೆ ಅವನು ಎಡಗೈಯವನೋ ಬಲಗೈಯವನೋ, ಊಟದ ಹೊತ್ತಿಗೆ ಅವಸರದಲ್ಲಿದ್ದನೋ ಎಂದು ಹೇಳಬಲ್ಲೆ. ಆದರೆ ಹೇಳುವುದು ಯಾರಿಗೆ? ಸಂಜೆ ಷಟರು ಎಳೆಯುವ ಹೊತ್ತಿಗೆ ನನ್ನ ಹೆಂಡತಿಯ ಬಳಿ ಮಾತಿನ ದಾಸ್ತಾನು ಮುಗಿದಿರುತ್ತದೆ. ಒಂದು "ಹೂಂ" ಮಾತ್ರ ಉಳಿದಿರುತ್ತದೆ. ಅದೂ ಗಿರಾಕಿಗಳು ಬಿಟ್ಟುಹೋದದ್ದೇ ಇರಬೇಕು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಗಾದೆಯ ಹಿತ್ತಲಲ್ಲೇ ನಾನು ಬೆಳೆದು ನಿಂತಿದ್ದೆ. ಹಾಗಾಗಿ ಒಂದು ಬ್ಲಾಗು ಶುರು ಮಾಡಿದೆ. ಹೆಸರು 'ಕಲೆ ತೆಗೆಯುವ ಕಲೆ'. (ಈ ಶ್ಲೇಷೆ ಹೊಳೆದ ದಿನ ನಾನೊಬ್ಬನೇ ಬಹಳ ಹೊತ್ತು ನಕ್ಕೆ. ಆಮೇಲೆ ಯಾರೂ ನಗಲಿಲ್ಲ.) ಶಾಯಿ, ಎಣ್ಣೆ, ತುಕ್ಕು, ಒಂದೊಂದಕ್ಕೂ ಒಂದೊಂದು ಅಧ್ಯಾಯ ಬರೆದೆ. ಓದುಗರ ಸಂಖ್ಯೆ ಮೂರು ಎಂದು ತೋರಿಸುತ್ತಿತ್ತು. ಒಂದು ನಾನು. ಇನ್ನೊಂದು, ಇವಳು ಸ್ನಾನಕ್ಕೆ ಹೋದಾಗ ನಾನೇ ತೆರೆದಿಟ್ಟ ಇವಳ ಫೋನು. ಮೂರನೆಯವರು ಯಾರೆಂದು ತಿಳಿಯದೆ ಎರಡು ವಾರ ಅವರನ್ನು ಮನಸಾರೆ ಪ್ರೀತಿಸಿದೆ.

ಅದು ಹೆಂಡತಿಯ ತಂಗಿ ಎಂದು ಆಮೇಲೆ ತಿಳಿಯಿತು. ಅವಳ ಕೆಲಸವೇ ಅಂತರ್ಜಾಲದಲ್ಲಿ ಕಂಪನಿಗಳ ಹೆಸರನ್ನು ನಾಲ್ಕು ಜನರ ಕಿವಿಗೆ ಹಾಕುವುದು. ಮನೆಗೆ ಬಂದವಳು ನನಗೆ ಅರ್ಧ ಗಂಟೆ ಉಪದೇಶ ಮಾಡಿದಳು. ಹೆಸರುವಾಸಿ ಬ್ಲಾಗಿಗರ ಸ್ನೇಹ ಸಂಪಾದಿಸಬೇಕಂತೆ. ಅದೂ ನಿಜವಾದ ಸ್ನೇಹವಂತೆ. ಮೊದಲು ಅವರದನ್ನೆಲ್ಲ ಓದಬೇಕು, ದಿನವೂ ಕಾಮೆಂಟ್ ಹಾಕಬೇಕು, ಸುಮ್ಮನೆ 'ಚೆನ್ನಾಗಿದೆ' ಅನ್ನಬಾರದು, ನಮಗೆ ಗೊತ್ತಿರುವುದನ್ನು ಅವರಿಗೆ ಉಪಯೋಗವಾಗುವ ಹಾಗೆ ಕೊಡಬೇಕು.

"ಏನನ್ನೂ ಕೇಳ್ಬೇಡಿ ಭಾವ, ಬರೀ ಕೊಡಿ. ಮನಸ್ಸಿಟ್ಟು ನೋಡಿ, ಮನಸ್ಸಿಟ್ಟು ಬರೀರಿ. ಸ್ನೇಹ ತಾನಾಗೇ ಬೆಳೆಯುತ್ತೆ" ಎಂದಳು.

ಅಡುಗೆಮನೆಯಿಂದ ನನ್ನ ಹೆಂಡತಿ, "ಅವರಿಗೆ ಪಕ್ಕದ ಮನೆಯವರ ಮುಖಾನೇ ಗೊತ್ತಿಲ್ಲ ಕಣೇ" ಎಂದಳು. ಗೊತ್ತಿಲ್ಲ, ನಿಜ. ಆದರೆ ಅವರ ಕೋಟಿನ ಎರಡನೇ ಗುಂಡಿ ಸಡಿಲವಿದೆ ಎಂದು ಗೊತ್ತು.

ನಾನು ಆರಿಸಿಕೊಂಡದ್ದು 'ಒಬ್ಬನ ಮೇಜು' ಎಂಬ ಬ್ಲಾಗನ್ನು. ಬರೆಯುವ ಮಹಾಶಯರು ಒಬ್ಬರೇ ಬದುಕುವವರು. ಒಂದು ಕುರ್ಚಿ, ಒಂದು ಕಪ್ಪು, ಒಂದು ತಟ್ಟೆ, ಕಿಟಕಿಯ ಬೆಳಕು, ಇಷ್ಟರ ಮೇಲೆ ವಾರಕ್ಕೆರಡು ಲೇಖನ. ಜೊತೆಗೆ ಬಿಳಿ ಮೇಜುಬಟ್ಟೆಯ ಮೇಲಿನ ಕಪ್ಪಿನ ಫೋಟೋ. ಲಕ್ಷ ಜನ ಓದುಗರು. 'ನಾನು ಮಾತನಾಡುವುದಿಲ್ಲ, ಚಮಚ ಮಾತನಾಡುತ್ತದೆ' ಎಂದು ಒಮ್ಮೆ ಬರೆದಿದ್ದರು. ಓದಿ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟೆ. ಪರದೆಯ ಆಚೆ ಇವಳು ಯಾರೊಂದಿಗೋ ನಗುತ್ತಿದ್ದಳು. ಪರದೆಯ ಈಚೆ, ನನ್ನ ಹಾಗೆಯೇ ಇನ್ನೊಬ್ಬ ಎಲ್ಲೋ ಕುಳಿತಿದ್ದಾನೆ ಎಂದು ಮೊದಲ ಸಲ ಅನ್ನಿಸಿತು. ಸುಳ್ಳೇಕೆ ಹೇಳಲಿ, ಬ್ಲಾಗಿನ ಏಳಿಗೆ ಅಂದೇ ಮರೆತುಹೋಯಿತು. ನನಗೆ ಬೇಕಾದದ್ದು ಆ ಮನುಷ್ಯನ ಸ್ನೇಹ.

ದಿನವೂ ಬರೆದೆ. ಮೊದಲ ತಿಂಗಳು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಐದನೇ ವಾರ ಒಂದು ಹೆಬ್ಬೆರಳು ಬಂತು. (ಚಿತ್ರದ್ದು. ಆದರೂ ಬೆರಳು ಬೆರಳೇ.) ಏಳನೇ ವಾರ ಅವರೇ ಕೇಳಿದರು, ಬಿಳಿ ಅಂಗಿಯ ಮೇಲೆ ಟೀ ಚೆಲ್ಲಿದೆ, ಏನು ಮಾಡಲಿ ಎಂದು. ಅರ್ಧ ದಿನದ ಕೆಲಸ ಬಿಟ್ಟು ಉತ್ತರ ಬರೆದೆ. ತಣ್ಣೀರು ಎಷ್ಟು, ವಿನೆಗರ್ ಎಷ್ಟು, ಯಾವ ಕಡೆಯಿಂದ ಒತ್ತಬೇಕು, ಯಾಕೆ ತಿಕ್ಕಬಾರದು ಎಲ್ಲವನ್ನೂ ವಿವರಿಸಿದೆ. ಮರುದಿನ ಉತ್ತರ ಬಂತು: 'ಅಂಗಿ ಬದುಕಿತು. ಧನ್ಯವಾದ, ಗೆಳೆಯ.'

ಗೆಳೆಯ. ಆ ಪದವನ್ನು ಇವಳಿಗೆ ತೋರಿಸಿದೆ.

"ಯಾರಿವರು?" ಎಂದಳು.

"ನನ್ನ ಗೆಳೆಯರು."

"ನಿಮ್ಮ ಮುಖ ನೋಡಿದ್ದಾರಾ?"

"ಮುಖಕ್ಕೂ ಸ್ನೇಹಕ್ಕೂ ಏನು ಸಂಬಂಧ?"

"ನಾನು ನೋಡಿದ್ದೀನಲ್ಲ, ಅದಕ್ಕೆ ಕೇಳಿದೆ" ಎಂದು ಕೌಂಟರಿಗೆ ಹೋದಳು.

ಹೀಗೆ ನಾಲ್ಕು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅವರ ಬ್ಲಾಗಿನ ದಶಮಾನೋತ್ಸವದ ಲೇಖನ ಬಂತು: 'ಹತ್ತು ವರ್ಷ, ಒಂದೇ ಕುರ್ಚಿ'. ಅದರ ಮೇಲೆ ದೊಡ್ಡದೊಂದು ಫೋಟೋ. ಲೋಕವೆಲ್ಲ ಆ ಕಪ್ಪನ್ನು ನೋಡಿತು. ನಾನು ಬಟ್ಟೆಯನ್ನು ನೋಡಿದೆ. ಇಪ್ಪತ್ತಾರು ವರ್ಷದ ಚಾಳಿ, ಏನು ಮಾಡಲಿ? ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದೆ. ಕಪ್ಪಿನ ಎದುರು ಬದಿಯಲ್ಲಿ ಇನ್ನೊಂದು ಕಪ್ಪಿನ ಉಂಗುರವಿತ್ತು. ಒಣಗಿದ ಟೀ ಉಂಗುರಕ್ಕೆ ಅಂಚು ಕಪ್ಪಗಿರುತ್ತದೆ, ಇದಕ್ಕೆ ಅಂಚೇ ಕಟ್ಟಿರಲಿಲ್ಲ. ಅಂದರೆ ಹಸಿ. ಮಡಿಸಿಟ್ಟ ಕೈವಸ್ತ್ರದ ತುದಿಯಲ್ಲಿ ಲಿಪ್‌ಸ್ಟಿಕ್. ಮೇಜಿನಿಂದ ಕೆಳಗೆ ಇಳಿಬಿದ್ದ ಅಂಚಿನಲ್ಲಿ, ನೆಲದಿಂದ ಎರಡಡಿ ಎತ್ತರಕ್ಕೆ, ಜಾಮ್ ಮೆತ್ತಿದ ನಾಲ್ಕು ಪುಟ್ಟ ಬೆರಳು.

ಮೊದಲು ಸಂತೋಷವಾಯಿತು. ಪಾಪ, ಮನುಷ್ಯನಿಗೆ ಕೊನೆಗೂ ಜೊತೆ ಸಿಕ್ಕಿತಲ್ಲ ಎಂದು. ಎದೆಯೊಳಗೆ ಎಲ್ಲೋ ಸ್ವಲ್ಪ ಚುರುಕ್ ಎಂದಿತು, ಅದನ್ನು ಬದಿಗೆ ತಳ್ಳಿದೆ. ಮನಸ್ಸಿಟ್ಟು ನೋಡಿ, ಮನಸ್ಸಿಟ್ಟು ಬರೆದೆ:

'ಗೆಳೆಯರೇ, ಎದುರಿನ ಕಪ್ಪಿನ ಉಂಗುರ ಇನ್ನೂ ಹಸಿಯಿದೆ, ಈಗಲೇ ತಣ್ಣೀರು ಹಾಕಿ. ಲಿಪ್‌ಸ್ಟಿಕ್‌ಗೆ ಬಿಸಿನೀರು ಮುಟ್ಟಿಸಬೇಡಿ, ಸ್ಪಿರಿಟ್‌ನಲ್ಲಿ ಒತ್ತಿ. ಕೆಳಗಿನ ಅಂಚಿನಲ್ಲಿ ಜಾಮ್ ಇದೆ, ಎತ್ತರ ನೋಡಿದರೆ ಮಗುವಿಗೆ ಮೂರು ವರ್ಷ ಇರಬೇಕು. ಮೊದಲು ಮೊಂಡು ಚಾಕುವಿನಿಂದ ಹೆರೆದು ತೆಗೆಯಿರಿ. ನೀವು ಒಬ್ಬರೇ ಅಲ್ಲವೆಂದು ತಿಳಿದು ಬಹಳ ಸಂತೋಷವಾಯಿತು. ಇಷ್ಟು ದಿನ ನಿಮ್ಮದೇ ಚಿಂತೆಯಾಗಿತ್ತು.'

ಕಳುಹಿಸುವ ಮೊದಲು ಪರದೆಯ ಸಂದಿಯಿಂದ ಇವಳಿಗೆ ಓದಿ ಹೇಳಿದೆ. ಇವಳು ಯಾರದೋ ಪ್ಯಾಂಟಿನ ಜೇಬು ಕೊಡವುತ್ತಾ "ಹೂಂ" ಎಂದಳು. ಆದ್ದರಿಂದ ಮುಂದೆ ಆದದ್ದರಲ್ಲಿ ಅರ್ಧ ಪಾಪ ಅವಳದು ಎಂದು ಇಂದಿಗೂ ನನ್ನ ವಾದ.

ಹನ್ನೊಂದು ಗಂಟೆಗೆ ಫೋನು ಗುಂಯ್ ಎನ್ನತೊಡಗಿತು. ಮೆಚ್ಚುಗೆ ಎಂದುಕೊಂಡೆ. ಲಕ್ಷ ಜನ ಆ ಮೇಜುಬಟ್ಟೆಯನ್ನು ಹಿಗ್ಗಿಸಿ ನೋಡುತ್ತಿದ್ದರು. ಹಳೆಯ ಫೋಟೋಗಳನ್ನೂ ಅಗೆದು ತೆಗೆದರು. ಒಂದರಲ್ಲಿ ಚಮಚದ ಹೊಟ್ಟೆಯಲ್ಲಿ ಇಬ್ಬರ ಪ್ರತಿಬಿಂಬವಿತ್ತಂತೆ. 'ಇವರ ಮಾತು ನಂಬಿ ನಾನು ಮನೆಯ ಎರಡನೇ ಕುರ್ಚಿಯನ್ನು ಮಾರಿಬಿಟ್ಟೆ' ಎಂದು ಒಬ್ಬರು ಬರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರಿಂದ ನನಗೆ ಒಂದೇ ಸಾಲು ಬಂತು: 'ನಿಮ್ಮನ್ನು ಗೆಳೆಯರು ಅಂದುಕೊಂಡಿದ್ದೆ.' ಕ್ಷಮೆ ಕೇಳಲು ಹೋದರೆ ಬಾಗಿಲು ಮುಚ್ಚಿತ್ತು. ನನ್ನನ್ನು ಬ್ಲಾಕ್ ಮಾಡಿದ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಸ್ತ್ರಿಮೇಜಿನ ಪಕ್ಕ ಕುಳಿತು ಅತ್ತೆ. ಆವಿಯಲ್ಲಿ ಯಾರಿಗೆ ಗೊತ್ತಾಗುತ್ತದೆ? ಅವರೆದುರು ಜನ ಕುಳಿತಿದ್ದರು, ಅವರು ಒಂಟಿತನದ ಬಗ್ಗೆ ಬರೆದರು. ನನ್ನ ಬಳಿ ಒಂಟಿತನವಿತ್ತು, ನಾನು ಕಲೆಯ ಬಗ್ಗೆ ಬರೆದೆ. ಅವರನ್ನು ಓದಲು ಲಕ್ಷ ಜನ ಬಂದರು. ಇದರಲ್ಲಿ ಏನೋ ನೀತಿಯಿದೆ, ನನಗೆ ಇನ್ನೂ ಹೊಳೆದಿಲ್ಲ.

ಮೂರೇ ದಿನದಲ್ಲಿ ನನ್ನ ಬ್ಲಾಗಿಗೆ ನಲವತ್ತು ಸಾವಿರ ಜನ ಬಂದರು. ಶಾಯಿಯ ಅಧ್ಯಾಯ ಓದಲು ಅಲ್ಲ. ಎಲ್ಲೆಲ್ಲಿಯ ಹೆಂಗಸರೋ ಗಂಡಂದಿರ ಕಾಲರಿನ ಫೋಟೋ ಕಳುಹಿಸಿ 'ಇದು ಏನು, ಯಾರದು, ಯಾವಾಗಿನದು?' ಎಂದು ಕೇಳತೊಡಗಿದರು. ಹೆಂಡತಿಯ ತಂಗಿ ಫೋನು ಮಾಡಿ, "ಭಾವ, ಇದನ್ನೇ ಯಶಸ್ಸು ಅನ್ನೋದು" ಎಂದಳು.

ಬ್ಲಾಗಿನ ಕೆಳಗೆ ಅಂಗಡಿಯ ವಿಳಾಸವಿತ್ತು ನೋಡಿ, ಯಶಸ್ಸು ಬೀದಿಗೂ ತಲುಪಿತು. ಕೌಂಟರಿನ ಮುಂದೆ ಮೊದಲು ಬಂದವರು ವಕೀಲರು. ಕೊಟ್ಟ ಕೋಟನ್ನು ತೊಳೆಯದೆಯೇ ವಾಪಸು ಕೊಡಿ ಎಂದರು. ಆಮೇಲೆ ಶಾಲೆಯ ಹೆಡ್‌ಮೇಷ್ಟ್ರು, ಆಮೇಲೆ ಬ್ಯಾಂಕಿನ ಮ್ಯಾನೇಜರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇಲ್ಲಿ ಒಬ್ಬೊಬ್ಬರೂ ಹೆಗಲಿನ ಕೋಟನ್ನೇ ಎತ್ತಿಕೊಂಡು ಹೋದರು. ಹೋಗುವಾಗ ಪರದೆಯ ಕಡೆ ಒಂದು ನೋಟ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನಾನೊಬ್ಬ ಇದ್ದೇನೆಂದು ಎಲ್ಲರಿಗೂ ಗೊತ್ತಾಗಿತ್ತು. ವಾರ ಕಳೆಯುವಷ್ಟರಲ್ಲಿ ಹ್ಯಾಂಗರುಗಳೆಲ್ಲ ಬರಿದಾದವು. ಇರಲಾರದೆ ಇರುವೆ ಬಿಟ್ಟುಕೊಂಡೆ ಎಂದು ನಾನೇ ನನ್ನನ್ನು ಬೈದುಕೊಂಡೆ, ಇವಳು ಬೈಯುವ ಮೊದಲೇ ಮುಗಿಸಿಬಿಡೋಣ ಎಂದು.

ಇವಳು ಬೈಯಲಿಲ್ಲ. ಮಾತನಾಡಲು ಮುಂದೆ ಯಾರೂ ಇರಲಿಲ್ಲ ನೋಡಿ, ಸ್ಟೂಲು ಎತ್ತಿಕೊಂಡು ಪರದೆ ಸರಿಸಿ ಒಳಗೆ ಬಂದಳು. ಕೋಣೆಯನ್ನು ಸುತ್ತಲೂ ನೋಡಿದಳು, ಇಲ್ಲಿ ಇಷ್ಟು ಸೆಕೆಯೇ ಎಂದು ಕೇಳಿದಳು. ಸೀಸೆಗಳ ಹೆಸರು ಕೇಳಿದಳು. ನನ್ನ ಎದೆ ಉಬ್ಬಿತು. ಒಂದೊಂದನ್ನೂ ವಿವರಿಸಿದೆ.

"ಊರವರ ಬಟ್ಟೆಯೆಲ್ಲ ಓದ್ತೀರಲ್ಲ, ನಂದು ಏನಾದ್ರೂ ಓದಿದ್ದೀರಾ?" ಎಂದಳು.

ನಮ್ಮ ಮನೆಯ ಬಟ್ಟೆಯೂ ಅಲ್ಲೇ ಒಗೆಯುವುದು. ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆಯೇ ಬಂದ ಹುಡುಗನಂತೆ ನಾನು ಶುರು ಮಾಡಿದೆ. "ಓದದೆ ಏನು? ಎಡದ ತೋಳಲ್ಲಿ ಶಾಯಿ, ಕೌಂಟರಿಗೆ ಕೈ ಊರಿ ಬರೀತೀಯ. ದಿಂಬಿನ ಕವರಲ್ಲಿ ಉಪ್ಪು, ಬಲಗಡೆ. ವಾರಕ್ಕೆ ಒಂದೆರಡು ಸಲ. ಏಳೆಂಟು ವರ್ಷದಿಂದ ಇದೆ. ತಣ್ಣೀರಲ್ಲಿ ಹತ್ತು ನಿಮಿಷ ನೆನೆಸಿದ್ರೆ ಗುರುತೇ ಉಳಿಯಲ್ಲ."

ಹೇಳಿ ಮುಗಿಸಿದ ಮೇಲೆ ನಾನು ಏನು ಹೇಳಿದೆ ಎಂದು ನನಗೇ ಕೇಳಿಸಿತು. ಕಣ್ಣೀರೂ ಉಪ್ಪೇ.

"ಉಪ್ಪು ಎಲ್ಲಿಂದ ಬಂತು ಅಂತ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕಲೆ ಹೋಯ್ತಲ್ಲ ಅಂದುಕೊಂಡೆ."

ಅವಳು ಕೈಯಲ್ಲಿದ್ದ ಸೀಸೆಯನ್ನು ಅದರ ಜಾಗದಲ್ಲಿಟ್ಟಳು. "ನೂರು ಜನ ಬರ್ತಾರೆ ನಿಜ. ಗುಂಡಿ ಬಿಟ್ಟಿದೆ, ಜಿಪ್ಪು ಹೋಗಿದೆ, ಯಾವಾಗ ಕೊಡ್ತೀರಿ ಅಂತಾರೆ. ಅದು ಮಾತಲ್ಲ ಕಣ್ರೀ" ಎಂದಳು. ಆಮೇಲೆ ಎದ್ದು ನಿಂತು, "ಮುಖ ಕಾಣದ ಮನುಷ್ಯನಿಗೆ ನಾಲ್ಕು ತಿಂಗಳು ದಿನಾ ಕಾಮೆಂಟ್ ಹಾಕಿದ್ರಿ. ನನ್ನ ದಿಂಬಿಗೆ ಒಂದು ಕಾಮೆಂಟ್ ಹಾಕಬಹುದಿತ್ತು" ಎಂದು ಸ್ಟೂಲು ಎತ್ತಿಕೊಂಡು ಹೋದಳು. ಪರದೆ ಮತ್ತೆ ಮುಚ್ಚಿಕೊಂಡಿತು.

ಒಂದು ಗಂಟೆ ಕೂತಿದ್ದೆ. ಹನ್ನೆರಡು ಸೀಸೆಯಲ್ಲಿ ಇದಕ್ಕೆ ಆಗುವಂಥದ್ದು ಒಂದೂ ಇರಲಿಲ್ಲ. ಪರದೆ ಸರಿಸಲು ಧೈರ್ಯ ಬರದೆ, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಓಣಿ ಬಳಸಿ, ಬೀದಿಯ ಕಡೆಯಿಂದ ನನ್ನದೇ ಅಂಗಡಿಯ ಮೆಟ್ಟಿಲು ಹತ್ತಿದೆ. ಗಿರಾಕಿಗಳು ನಿಲ್ಲುವ ಕಡೆ ನಾನು ನಿಂತದ್ದು ಅದೇ ಮೊದಲು. ಅಲ್ಲಿಂದ ಅವಳು ಚೆನ್ನಾಗಿ ಕಾಣುತ್ತಾಳೆ. ದಣಿದಿದ್ದಳು.

ತಲೆಯೆತ್ತಿ ನೋಡಿದಳು. ಗಿರಾಕಿಗಳನ್ನು ಕೇಳುವ ದನಿಯಲ್ಲೇ, "ಏನು ತಂದ್ರಿ?" ಎಂದಳು.

"ಏನೂ ತಂದಿಲ್ಲ. ಮಾತಾಡೋಣ ಅಂತ ಬಂದೆ."

ಅವಳು ನಗಲೂ ಇಲ್ಲ, ಸಿಡುಕಲೂ ಇಲ್ಲ. ಪುಸ್ತಕ ಎಳೆದು, ತೋಳಿಗೆ ಶಾಯಿ ತಾಗಿಸಿಕೊಂಡು ಏನೋ ಬರೆದು, ಚೀಟಿ ಹರಿದು ನನ್ನ ಕೈಗಿತ್ತಳು.

"ಹಳೇ ಕಲೆ, ಹೊತ್ತು ಹಿಡಿಯುತ್ತೆ. ಗುರುವಾರ ಬನ್ನಿ."

ಚೀಟಿಯನ್ನು ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು, ಬಂದ ದಾರಿಯಲ್ಲೇ ಓಣಿ ಬಳಸಿ ಒಳಗೆ ಹೋದೆ. ಅಂದು ಶುಕ್ರವಾರ.