ತಣ್ಣನೆ ಮಂಚ

ಸತ್ತವರನ್ನು ನಾಲ್ಕು ಜನ ಎತ್ತಿ ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿಸುವುದು ಎಲ್ಲ ಊರಲ್ಲೂ ಇದ್ದದ್ದೇ. ನಮ್ಮ ಪಾವಗಡದ ಕಡೆ ಒಬ್ಬ ಮುದುಕ ತಾನೇ ನಡೆದು ಬಂದು, ಪಂಚೆ ಸರಿಮಾಡಿಕೊಂಡು, ಅದರೊಳಗೆ ಮಲಗಿ, ಮೊಮ್ಮಗಳ ಮದುವೆಗೆ ಒಪ್ಪಿಗೆ ಕೊಟ್ಟು, ಆಮೇಲೆ ಪ್ರಾಣ ಬಿಟ್ಟ. ಯಮ ಬಂದಾಗ ಮಾಡುವುದಕ್ಕೆ ಕೆಲಸವೇ ಉಳಿದಿರಲಿಲ್ಲ. ಕೋಣನಿಗೆ ನೀರು ಕುಡಿಸಿಕೊಂಡು ವಾಪಸ್ ಹೋದ.

ಮೊನ್ನೆ ಬಡವನಹಳ್ಳಿಯಲ್ಲಿ, ಮಂಜಮ್ಮನ ಟೀ ಅಂಗಡಿಯಲ್ಲಿ ಕೂತು ಇದನ್ನು ಹೇಳಿದೆ. ಬಸ್ಸಿಗೆ ಕಾಯುತ್ತಿದ್ದ ಮೇಷ್ಟ್ರೊಬ್ಬರು ಪೇಪರ್ ಮಡಿಸಿಟ್ಟು, "ಏನಪ್ಪಾ, ಬೆಳಬೆಳಿಗ್ಗೇನೇ ಬಿಡ್ತಾ ಇದೀಯಲ್ಲ" ಅಂದರು. ನಾನು ಬಿಡುವವನೇ? ಕತೆಯನ್ನು ಮೊದಲಿಂದ ಶುರು ಮಾಡಿದೆ.

ಪೆಟ್ಟಿಗೆ ತಿಪ್ಪೇಶ ಅನ್ನುವವನದು. ಎಲ್ಲಾದರೂ ಸಾವಾದರೆ ದೂರದ ನೆಂಟರು ಬರುವ ತನಕ ಹೆಣ ಕೆಡಬಾರದಲ್ಲ, ಆಗ ಅವನಿಗೆ ಫೋನು ಬರುತ್ತದೆ. ಪೆಟ್ಟಿಗೆಯನ್ನು ಲಗೇಜ್ ಆಟೋದಲ್ಲಿ ಒಯ್ದು, ಸಾವಿನ ಮನೆಯ ಕರೆಂಟಿಗೆ ಸಿಕ್ಕಿಸಿ ಬರುತ್ತಾನೆ. ಅಂಥವನಿಗೆ ಹೆಣ್ಣು ಕೊಡುವವರು ಯಾರು? ಮಧುಗಿರಿ, ಶಿರಾ, ಪಾವಗಡ, ಮೂರು ತಾಲ್ಲೂಕಿನಲ್ಲಿ ಹೆಣ್ಣು ಹೆತ್ತವರೆಲ್ಲ ಬೇಡ ಅಂದಿದ್ದರು. ಕೆಲವರು ಕೇಳುವ ಮೊದಲೇ ಅಂದಿದ್ದರು. ಅವನ ತಲೆಯ ಕೂದಲು ಕೂಡ ಇನ್ನು ಈ ಮನೆಯಲ್ಲಿ ಶುಭಕಾರ್ಯ ಆಗುವುದಿಲ್ಲ ಅಂತ ಒಂದೊಂದಾಗಿ ಎದ್ದು ಹೋಗುತ್ತಿದ್ದವು.

ಉಳಿದದ್ದು ಕೊರಟಗೆರೆ. ಅಲ್ಲಿನ ಒಂದು ಮನೆಗೆ ಅವನವ್ವ ಮಾರಕ್ಕ "ನಮ್ ಹುಡ್ಗಂದು ಕೂಲಿಂಗ್ ಬಿಸಿನೆಸ್ಸು" ಅಂತ ಹೇಳಿ ಕಳಿಸಿದಳು. ಸುಳ್ಳೇನಲ್ಲವಲ್ಲ. ಹುಡುಗಿಯ ಹೆಸರು ಅನುಷಾ. ಅವಳ ಕಡೆಯವರು ಗಂಡಿನ ಮನೆ ನೋಡಲು ಬರುವುದು ಅಂತ ಆಯಿತು.

ಆವತ್ತು ಎಂಥ ಬಿಸಿಲು ಅಂದರೆ, ಕೋಳಿ ಇಟ್ಟ ಮೊಟ್ಟೆ ನೆಲ ಮುಟ್ಟುವಷ್ಟರಲ್ಲಿ ಬೆಂದಿರುತ್ತಿತ್ತು. ಆ ಬಿಸಿಲಲ್ಲಿ ತಿಪ್ಪೇಶ ಪೆಟ್ಟಿಗೆ ಬಚ್ಚಿಡಲು ಜಾಗ ಹುಡುಕಿ ಊರೆಲ್ಲ ಅಲೆದ. ಪಕ್ಕದ ಮನೆಯ ಬೈಲಪ್ಪ ಬಾಗಿಲಲ್ಲೇ ಅಡ್ಡ ನಿಂತು, "ನಮ್ಮನೇಲಿ ಯಾರಾನ ಹೋದಾಗ ತಗೊಂಬಾರಪ್ಪ, ಈಗ ಬ್ಯಾಡ" ಅಂದ. ಕೊನೆಗೆ ಪೆಟ್ಟಿಗೆ ಹಿತ್ತಲ ಚಪ್ಪರದಲ್ಲೇ ಉಳಿಯಿತು. ಮಾರಕ್ಕ ಅದರ ಮೇಲೆ ಹೂವಿನ ಬೆಡ್‌ಶೀಟ್ ಹೊದಿಸಿ ಎರಡು ದಿಂಬು ಇಟ್ಟಳು. ದೂರದಿಂದ ನೋಡಿದರೆ ಮೊದಲ ರಾತ್ರಿಯ ಮಂಚ. ಹತ್ತಿರ ಹೋದರೆ ಕೊನೇ ರಾತ್ರಿಯದು.

ಬಂದವರು ಮೂವರು: ಹುಡುಗಿಯ ಅಪ್ಪ, ಸೋದರತ್ತೆ ಚಿಕ್ಕಲಕ್ಷ್ಮಮ್ಮ, ತಾತ ಕದರಪ್ಪ. ಆ ಮನೆಯಲ್ಲಿ ಕದರಪ್ಪ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಕರೆಯದೇ ಬಂದವನು ಬೈಲಪ್ಪ. ಬೀಗರ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತು, "ನಮ್ ತಿಪ್ಪೇಶನ ಕೆಲ್ಸ ಅಂದ್ರೆ ಕೆಲ್ಸ. ಅವನತ್ರ ಬಂದೋರು ಇದುವರ್ಗೂ ಒಬ್ರೂ ಕಂಪ್ಲೇಂಟ್ ಮಾಡಿಲ್ಲ" ಅಂದ. ಮಾರಕ್ಕ ಮಜ್ಜಿಗೆ ಕೊಡುವ ನೆಪದಲ್ಲಿ ಅವನ ಕಾಲು ತುಳಿದಳು.

ಕದರಪ್ಪನಿಗೆ ಸೆಕೆ ತಡೆಯಲಾಗಲಿಲ್ಲ. ಒಂದಕ್ಕೆ ಅಂತ ಹಿತ್ತಲಿಗೆ ಎದ್ದು ಹೋದವನು ಚಪ್ಪರದ ಹತ್ತಿರ ನಿಂತ. ತಿಪ್ಪೇಶ ಹಿಂದೆಯೇ ಓಡಿದ.

"ಲೇ ಹುಡ್ಗ, ಇದೇನ್ಲಾ ಮಂಚಕ್ಕೆ ವೈರು?"

"ತಣ್ಣನೆ ಮಂಚ ತಾತ. ಹೊಸ್ದಾಗಿ ಬಂದೈತೆ."

ಮುದುಕ ಬೆಡ್‌ಶೀಟ್ ಸರಿಸಿ ಮುಚ್ಚಳ ತಟ್ಟಿದ. "ಗಾಜ್ಯಾಕೆ?"

"ಸೊಳ್ಳೆ ಬರಬಾರ್ದು ಅಂತ."

"ಹಾಕ್ಲಾ, ನೋಡನ."

ತಿಪ್ಪೇಶ ಸ್ವಿಚ್ ಹಾಕದೆ ಏನು ಮಾಡಿಯಾನು? ಮುಚ್ಚಳ ಎತ್ತಿ, ಅದು ಬೀಳದ ಹಾಗೆ ದಿಂಬು ಒತ್ತಿ ಇಟ್ಟ. ಕದರಪ್ಪ ಪಂಚೆ ಸರಿಮಾಡಿಕೊಂಡು ಒಳಗೆ ಇಳಿದು, ಎದೆಯ ಮೇಲೆ ಕೈ ಜೋಡಿಸಿ ಮಲಗಿದ. ಎರಡು ಉಸಿರು ಬಿಡುವಷ್ಟರಲ್ಲಿ ನಿದ್ದೆ.

ಅಷ್ಟು ಹೊತ್ತಿಗೆ ಬೈಲಪ್ಪ ಬೀಡಿ ಸೇದಲು ಹಿತ್ತಲಿಗೆ ಬಂದ. ಪೆಟ್ಟಿಗೆಯಲ್ಲಿ ಮಲಗಿದವರನ್ನು ನೋಡಿ ಅವನಿಗೆ ಅಭ್ಯಾಸವಿದ್ದದ್ದು ಒಂದೇ ಥರ. ಗಾಬರಿಗೆ ಅವನ ಬಾಯಲ್ಲಿ ತೆಲುಗು ಬಂತು. "ಅಯ್ಯೋ, ತಾತ ಪೋಯಿನಾಡ್ರೋ!"

ಆಮೇಲೆ ಎದ್ದ ಅಳುವಿಗೆ ಮಧುಗಿರಿ ಬೆಟ್ಟ ಆಂಧ್ರದ ಕಡೆಗೆ ಒಂದು ಗೇಣು ಜರುಗಿತು. ಬೇಕಾದರೆ ಹೋಗಿ ಅಳೆದು ನೋಡಿ. ಬೀದಿಯವರೆಲ್ಲ ನುಗ್ಗಿದರು. ಯಾರೋ ಹಾರ ಹಾಕಿದರು, ಯಾರೋ ತಲೆಯ ಹತ್ತಿರ ಒಂದು ಕಟ್ಟು ಊದುಬತ್ತಿ ಹಚ್ಚಿದರು. ಚಿಕ್ಕಲಕ್ಷ್ಮಮ್ಮ "ನನ್ನಪ್ಪ ಬಂಗಾರದಂತೋನು" ಅಂತ ಎದೆ ಬಡಿದುಕೊಂಡಳು. ಹೊಗೆ ಮೂಗಿಗೆ ಹೋಗಿ ಬಂಗಾರದಂಥವನು ಸೀನಿದ. ಎದ್ದು ಕೂತ.

"ಯಾರ್ಲಾ ಹೋಗಿದ್ದು?"

ಬೈಲಪ್ಪನೇ ಧೈರ್ಯ ಮಾಡಿ, "ನೀನೇ ತಾತ. ಈಗ ಪರ್ವಾಗಿಲ್ವಾ?" ಅಂದ.

ಮಂಚ ಎಂಥದ್ದು ಅನ್ನುವುದು ಅಲ್ಲಿಗೆ ಬಯಲಾಯಿತು. ಹುಡುಗಿಯ ಅಪ್ಪ ಹೆಗಲ ಟವಲ್ ಕೊಡವಿದ. "ಹೆಣದ ಪೆಟ್ಟಿಗೆಯೋನಿಗೆ ನನ್ ಮಗಳನ್ನ ಕೊಡ್ಲಾ? ನಡೀರಿ ಬಸ್ಸಿಗೆ." ಮಾರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಕುಂತ್ಕಳ್ಳೋ," ಅಂತ ಪೆಟ್ಟಿಗೆಯೊಳಗಿಂದ ಕದರಪ್ಪನ ದನಿ ಬಂತು. "ಬಿಸ್ಲು ಇಳೀಲಿ. ಪಾಪ, ಕೋಳಿ ಕುಯ್ದವ್ರೆ, ಉಂಡ್ಕಳ್ರಿ. ಎದ್ದ್ ಮ್ಯಾಲೆ ನಾನೊಂದ್ ಮಾತು ಹೇಳ್ತೀನಿ."

ಕತ್ತಿನ ಹಾರ ತೆಗೆದು ಕೊಟ್ಟು, ಬೆರಳು ಆಡಿಸಿ ತಿಪ್ಪೇಶನನ್ನು ಬಗ್ಗಿಸಿಕೊಂಡು, ಅವನ ಕಿವಿಯಲ್ಲಿ ಏನೋ ಅಂದ. ಮತ್ತೆ ಕಣ್ಣು ಮುಚ್ಚಿದ.

ಎಲ್ಲರೂ ಮುದ್ದೆ ನುಂಗಿದರು. ತಾತ ಏಳಬೇಕು, ಒಂದು ಮಾತು ಹೇಳಬೇಕು. ನಡುವೆ ಬೈಲಪ್ಪ ಇನ್ನೊಮ್ಮೆ ಹಿತ್ತಲಿಗೆ ಹೋಗಿ ಬಂದ. ಮುಖ ಬೂದಿಯಾಗಿತ್ತು. "ಮಾರಕ್ಕ, ತಾತ ಈ ಸಲ ನಿಜವಾಗ್ಲೂ…"

"ಇನ್ನೊಂದ್ಸಲ ಬಾಯ್ ಬುಟ್ರೆ ನಿನ್ನೇ ಅದ್ರಲ್ಲಿ ಮಲಗುಸ್ತೀನಿ," ಅಂದ ಹುಡುಗಿಯ ಅಪ್ಪ. ಬೈಲಪ್ಪ ಹುಟ್ಟಿದ ಮೇಲೆ ಮೊದಲ ಸಲ ಸುಮ್ಮನೆ ಕೂತ.

ಬಿಸಿಲು ಇಳಿಯಿತು. ಚಿಕ್ಕಲಕ್ಷ್ಮಮ್ಮ ಅಪ್ಪನನ್ನು ಎಬ್ಬಿಸಲು ಹೋಗಿ, "ಕೈ ಇಷ್ಟೊಂದು ತಣ್ಣಗೈತಲ್ಲ" ಅಂದಳು.

"ಪೆಟ್ಟಿಗೆ ಹಂಗೇ ಕಣಮ್ಮ," ಅಂದ ತಿಪ್ಪೇಶ. ಆಮೇಲೆ ತಾನೂ ಮುಟ್ಟಿ ನೋಡಿದ.

ಹೋಗಿ ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಾಗಲಿಲ್ಲ. ಪೆಟ್ಟಿಗೆ ತನ್ನ ಕೆಲಸ ಮಾಡಿತ್ತು. ಮುಖ ಒಂದು ಚೂರೂ ಬಾಡಿರಲಿಲ್ಲ.

"ತಾತ ನನ್ ಕಿವೀಲಿ ಹೂಂ ಅಂದ್ರು," ಅಂದ ತಿಪ್ಪೇಶ.

"ಯಾರ್ ಕೇಳಿಸ್ಕೊಂಡ್ರು?" ಅಂದ ಹುಡುಗಿಯ ಅಪ್ಪ.

ಬೈಲಪ್ಪ ಕೂಡ ಕೇಳಿಸಿಕೊಂಡಿರಲಿಲ್ಲ.

ಊರಿಗೆ ಒಯ್ಯಬೇಕಲ್ಲ, ಅದೇ ಪೆಟ್ಟಿಗೆ, ಅದೇ ಆಟೋ. ಹೇಗಿದ್ದರೂ ಮಲಗಿಸುವ ಕೆಲಸ ಆಗಿತ್ತು. ಕೊರಟಗೆರೆ ಕಡೆಯ ಅವರ ಮನೆ ಅಂಗಳದಲ್ಲಿ ಪೆಟ್ಟಿಗೆ ಇಳಿಸುವಾಗ ಇನ್ನೊಂದು ತುದಿ ಹಿಡಿಯಲು ಒಬ್ಬ ಹುಡುಗಿ ಓಡಿ ಬಂದಳು. ಅನುಷಾಳನ್ನು ತಿಪ್ಪೇಶ ಮೊದಲು ನೋಡಿದ್ದು ಆಗ.

"ಹಿರಿಯರ ಕೊನೇ ಮಾತು ಮೀರಕ್ಕಾಗ್ತದಾ ಸಾರ್?" ಅಂದೆ ನಾನು ಮೇಷ್ಟ್ರಿಗೆ. "ವರ್ಷ ಕಳೆದ್ ಮ್ಯಾಲೆ ಮದುವೆ. ಉಂಡೋರು ಎಸೆದ ಬಾಳೆಲೆ ತಿಂದು ನಾಲ್ಕು ತಾಲ್ಲೂಕಿನ ಹಸುಗಳಿಗೆ ವಾರ ಅಜೀರ್ಣ. ಈಗ ತಿಪ್ಪೇಶ ಮೈಸೂರಲ್ಲವ್ನೆ. ದೊಡ್ಡ ಮನೆ, ಹೆಂಡ್ತಿ, ಅವಳಿ ಜವಳಿ ಮಕ್ಕಳು."

ಮಂಜಮ್ಮ ಒಲೆಯ ಕಡೆಯಿಂದ ಮುಖ ತಿರುಗಿಸಲೇ ಇಲ್ಲ. "ಲೇ ತಿಪ್ಪೇಶ, ಆಟೋದಾಗೆ ನಿನ್ ಫೋನು ಆವಾಗಿಂದ ಹೊಡ್ಕಂತೈತೆ. ಯಾರೋ ಹೋಗಿರ್ಬೇಕು ನೋಡು. ಹಂಗೇ ನಿಮ್ಮವ್ವಂಗೆ ಎರಡು ಬನ್ನು ತಗೊಂಡೋಗು. ಜ್ವರ ಅಂತಿದ್ದೆ, ಬೇಯ್ಸಿ ಇಕ್ಕೋರು ಯಾರವ್ರೆ ನಿಮ್ಮನೇಲಿ."

ಮೇಷ್ಟ್ರು ರಸ್ತೆಯ ಕಡೆ ನೋಡಿದರು. ಆಟೋ ನಿಂತಿತ್ತು. ಅದರಲ್ಲಿ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಹೂವಿನ ಬೆಡ್‌ಶೀಟ್. ಬಣ್ಣ ಹೋಗಿತ್ತು.

"ಮದುವೆ?" ಅಂದರು.

"ಆಗ್ಲಿಲ್ಲ ಸಾರ್."

"ಮುದುಕ ಹೋಗಿದ್ದು?"

"ಅದು ನಿಜ."

"ಕಿವೀಲಿ ಹೂಂ ಅಂದಿದ್ದು?"

ಲೋಟದ ತಳದಲ್ಲಿ ಒಂದು ಗುಟುಕು ಟೀ ಇತ್ತು. ಅದೂ ಆರಿತ್ತು.

"ಅನ್ನಲಿಲ್ಲ ಸಾರ್. 'ತಣ್ಣಗೈತೆ ಕಣ್ಲಾ' ಅಂದ, ಅಷ್ಟೇ. ಮೂರು ತಾಲ್ಲೂಕಿನೋರು ಬ್ಯಾಡ ಅಂದಿದ್ರಲ್ಲ. ಅವನೊಬ್ಬ ಬ್ಯಾಡ ಅನ್ನಲಿಲ್ಲ."